ಇನ್ನು ನಾಲ್ಕು ಸ್ಯಾಂಪಲ್ ಬರಲಿ

ನಮ್ಮ ಭಾವನ ಬಾಯಿಗೆ ಬಾರದ ಕನ್ನಡ ಶಬ್ದ ಒಂದೇ ಒಂದು: ‘ಸಾಕು’! ಇಂಥವರನ್ನು ಕಟ್ಟಿಕೊಂಡು ಮುಂಬಯಿಯ ದಹಿಸರಿನ ಎರಡು ಕೋಣೆಯಲ್ಲಿ ಅಕ್ಕ ಹೇಗೆ ಬಾಳುತ್ತಾಳೋ, ದೇವರಿಗೇ ಗೊತ್ತು.

ಫೋರ್ಟಿನ ಆಫೀಸಿನಲ್ಲಿ ಅವರದು ಸಂಖ್ಯಾಶಾಸ್ತ್ರದ ಕೆಲಸ. ಒಂದೇ ಅಂಕಿಅಂಶವನ್ನು ವಿವರಿಸಲು ಎರಡು ಮಾಡೆಲ್‌ಗಳಿದ್ದರೆ ಯಾವುದನ್ನು ನಂಬಬೇಕು? ಪ್ರತಿ ಮಾಡೆಲ್ಲಿನ ಒಳಗಿರುವ ಸಾಧ್ಯತೆಗಳನ್ನೆಲ್ಲ ತೂಗಿ ಸರಾಸರಿ ಹಾಕಬೇಕಂತೆ. ಎಲ್ಲವನ್ನೂ ತೂಗುವುದು ಬ್ರಹ್ಮನಿಂದಲೂ ಆಗದು. ಹಾಗಾಗಿ ಕಂಪ್ಯೂಟರಿನಿಂದ ಸ್ಯಾಂಪಲ್ ಹೆಕ್ಕಿಸಿ ಅಂದಾಜು ಮಾಡುತ್ತಾರೆ.

“ಅಂಕಿಗೆ ಚೆನ್ನಾಗಿ ಹೊಂದುವ ಸ್ಯಾಂಪಲ್ಲನ್ನು ಹಿಡಿದು ಮುಗಿಸಿಬಿಡಿ ಭಾವ!” ಎಂದೆ.

“ಹೊಂದುವುದನ್ನೇ ಹೆಕ್ಕಿದ್ರೆ ಎಲ್ಲಾ ಮಾಡೆಲ್ಲೂ ಬಂಗಾರವೇ ಮಾರಾಯ! ಹೊಂದದ್ದನ್ನೂ ಲೆಕ್ಕಕ್ಕೆ ಹಿಡೀಬೇಕು. ಇನ್ನು ನಾಲ್ಕು ಸ್ಯಾಂಪಲ್ ಬರ್ಲಿ, ಹೇಳ್ತೇನೆ.”

ಆ ನಾಲ್ಕು ಯಾವತ್ತಾದರೂ ಮುಗಿದದ್ದುಂಟೇ?

ಒಮ್ಮೆ ಆಫೀಸಿನ ಹತ್ತಿರದ ಉಡುಪಿ ಹೋಟೆಲಿಗೆ ಕರೆದೊಯ್ದರು. ಅವತ್ತಿನ ಸಾಂಬಾರು ಹಳೇ ಭಟ್ಟರದೋ ಹೊಸ ಭಟ್ಟರದೋ ಎಂಬ ಸಂಶಯ ಹುಟ್ಟಿತು ನೋಡಿ! ಬಕೆಟ್ಟಿನ ಮೇಲಿಂದ ಒಂದು ಸೌಟು, ನಡುವಿಂದ ಒಂದು, ತಳ ಕೆದಕಿ ಮತ್ತೊಂದು. ಸೀಟಿಗಾಗಿ ಕಾದು ನಿಂತವರು ಹಿಂದಿ, ಮರಾಠಿ ಎರಡರಲ್ಲೂ ಬೈದರು. ಕೊನೆಗೆ ಭಾವ “ಹಳೇ ಭಟ್ಟರದ್ದೇ” ಎಂದು ತೀರ್ಪು ಕೊಟ್ಟಾಗ ಮಾಲೀಕರು ಗಲ್ಲಾದಿಂದ ಎದ್ದು ಬಂದರು.

“ಇಬ್ರೂ ರಜೆ ಸರ್. ಇವತ್ತು ಮಾಡಿದ್ದು ನಾನು!”

ನಾಚಿಕೆಯಾಗಬೇಡವೇ? “ಓಹೋ, ಮೂರನೇ ಮಾಡೆಲ್ಲೂ ಉಂಟು!” ಎಂದು ಭಾವ ಖುಷಿಯಿಂದ ಮತ್ತೆ ಬಟ್ಟಲು ಚಾಚಿದರು. ನಾನು ತಲೆ ಎತ್ತಲಿಲ್ಲ.

ಕಳೆದ ತಿಂಗಳು ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ದಾದರಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೋ, ಬರೀ ಗಂಟೋ? ವರದಿ ತರಲು ಮೂವರೂ ಲೋಕಲ್ ರೈಲು ಹತ್ತಿದೆವು. ದಾರಿಯುದ್ದಕ್ಕೂ ಭಾವನದು ಒಂದೇ ರಾಗ: “ಗಂಟಿನ ಎಷ್ಟು ಕಡೆಯಿಂದ ತೆಗ್ದಿದ್ದಾರೆ? ಒಂದೇ ಮೂಲೆಯಿಂದಾದ್ರೆ ನಂಬ್ಲಿಕ್ಕಾಗುದಿಲ್ಲ. ಕೇಳ್ತೇನೆ ನಾನು.”

“ಇದು ಸಾಂಬಾರಲ್ಲ ಭಾವ! ಅಲ್ಲಿ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ!” ಎಂದು ರೇಗಿದೆ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ಮರಾಠಿ ಡಾಕ್ಟರಮ್ಮ ವರದಿ ಓದಿ ನಕ್ಕರು. “ಕುಛ್ ನಹೀ ಹೈ. ಸಾದಾ ಗಾಂಠ್ ಹೈ.” ಕ್ಯಾನ್ಸರಲ್ಲ, ಬರೀ ಗಂಟು! ಆಮೇಲೆ ಭಾವನ ಕಡೆ ತಿರುಗಿ, ಏನಾದರೂ ಕೇಳುವುದಿದೆಯೇ ಎಂಬಂತೆ “ಕೋಯಿ ಸವಾಲ್?” ಎಂದರು.

ಅಯ್ಯೋ, ಶುರುವಾಯಿತು ಎಂದುಕೊಂಡೆ. ಭಾವ ಬಾಯಿ ತೆರೆದರು. ಮುಚ್ಚಿದರು.

“ಸಾಕು” ಎಂದರು.

ಡಾಕ್ಟರಮ್ಮ ಆ ಶಬ್ದ ತಿಳಿಯದೆ ನಮ್ಮ ಮುಖ ನೋಡಿದರು. ಅಕ್ಕನಿಗೆ ತಿಳಿಯಿತು. ಅಷ್ಟು ದಿನ ಒಂದು ಹನಿಯೂ ಹಾಕದವಳು ಭಾವನ ತೋಳಿಗೆ ಮುಖ ಒತ್ತಿ ಅತ್ತುಬಿಟ್ಟಳು.