ಕಲ್ಕತ್ತಾ ಇಲ್ಲದ ಮುಹೂರ್ತದ ಪೆಟ್ಟಿಗೆ

ಕೆಳಗೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ತಾಟಿಗೆ ಶೇಂಗಾ ಚಟ್ನಿ ಬೀಳದಿರಲಿ. ಸೊಲ್ಲಾಪುರದವನು ಇದಕ್ಕಿಂತ ದೊಡ್ಡ ಆಣೆ ಮಾಡಲಾರ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹಗಲೆಲ್ಲ ನೂಲಿನ ವ್ಯಾಪಾರಿಯ ಪೇಢಿಯಲ್ಲಿ ಕಾರಕೂನ, ಮನೆಗೆ ಬಂದ ಮೇಲೆ ಕಂಪ್ಯೂಟರ್ ಪಂಡಿತ. ಎರಡೂ ಹುದ್ದೆ ಒಬ್ಬನ ತಲೆಗೆ ಕಟ್ಟಿದರೆ ಇಂಥ ಪ್ರಸಂಗ ಆಗದೇ ಇರುವುದಿಲ್ಲ. ಪಶ್ಚಾತ್ತಾಪವೇನೂ ಇಲ್ಲ. ಆಗಿದ್ದನ್ನು ಗಂಭೀರವಾಗಿ ಹೇಳುತ್ತೇನೆ, ಅಷ್ಟೇ.

ಅಜ್ಜನ ಕರಾರು

ಅಕ್ಕಲಕೋಟದಲ್ಲಿ ನನ್ನ ದೊಡ್ಡಪ್ಪನ ಮಗ ಮಂಗಲ ಕಾರ್ಯಾಲಯ ನಡೆಸುತ್ತಿದ್ದ. ನನಗೆ ಅಣ್ಣ. ಊರಿನ ಅರ್ಧ ಲಗ್ನ ಅವನ ಛಾವಣಿ ಕೆಳಗೇ ಆಗಿದ್ದವು. ಈಗ ಅವನ ಮಗಳದ್ದೇ ಲಗ್ನ, ಮರವಡೆ ಎಂಬ ಹಳ್ಳಿಯ ಹುಡುಗನ ಜೊತೆ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದ್ದರು. ತೊಡಕು ಇದ್ದದ್ದು ಹುಡುಗನ ಅಜ್ಜನದು.

ಮಾತುಕತೆಯ ದಿನ ಅಜ್ಜ ರುಮಾಲು ಸರಿಮಾಡಿಕೊಂಡು ಹೇಳಿದ, "ನನ್ನ ಲಗ್ನದಾಗ ಮುಹೂರ್ತ ತಪ್ಪಿತ್ತು. ಅದರ ಫಲ ಇವತ್ತಿನ ತನಕ ಉಣ್ಣಾಕತ್ತೀನಿ."

ಪಕ್ಕದಲ್ಲೇ ಅವನ ಹೆಂಡತಿ, ಹುಡುಗನ ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಮಧ್ಯಾಹ್ನ ಹನ್ನೆರಡೂವರಿಗೆ ಅಕ್ಕಿಕಾಳು ಬೀಳಬೇಕು. ತಪ್ಪಿತಂದ್ರ ಮದುಮಗನ ಸಮೇತ ನಮ್ಮ ವರ್ಹಾಡ ಹೊಳ್ಳಿ ಹೋಗತದ," ಎಂದು ಅಜ್ಜ ಮುಗಿಸಿದ. ಮರವಡೆಯಲ್ಲಿ ಅವನು ಆಡಿದ ಮಾತು ತಿರುಗಿದ್ದನ್ನು ಯಾರೂ ನೋಡಿರಲಿಲ್ಲ.

ಅಣ್ಣನ ಮುಖ ಇಳಿಯಿತು. ಯಾಕೆಂದರೆ ಅವನ ಕಾರ್ಯಾಲಯದಲ್ಲಿ ಹಿಂದಿನ ಲಗ್ನದ ಮುಹೂರ್ತಕ್ಕೆ ವಾಜಂತ್ರಿಯವರು ಊಟದ ಪಂಕ್ತಿಯಲ್ಲಿದ್ದರು. ಸನಾದಿ ಊದುವವನ ಬಾಯಲ್ಲಿ ಜಿಲೇಬಿ ಇತ್ತು. ನಾನು ಎದ್ದು ನಿಂತು, ಮನುಷ್ಯರನ್ನು ನಂಬುವ ಕಾಲ ಮುಗಿಯಿತು, ಮುಹೂರ್ತ ಹೊಡೆಯುವ ಯಂತ್ರ ನಾನು ಮಾಡಿಕೊಡುತ್ತೇನೆ ಎಂದುಬಿಟ್ಟೆ. ಒಳಗಿನಿಂದ ಹುಡುಗಿ ಬಾಗಿಲ ಸಂದಿಯಲ್ಲಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಅರ್ಧ ಭರವಸೆ, ಅರ್ಧ ಭಯ. ನನ್ನನ್ನು ಬಲ್ಲವರೆಲ್ಲ ಹಾಗೇ ನೋಡುತ್ತಾರೆ.

ಚಟ್ನಿ ಡಬ್ಬಿಯ ಲಿನಕ್ಸ್

ಯಂತ್ರ ಅಂದರೆ ಒಂದು ತಗಡಿನ ಪೆಟ್ಟಿಗೆ. ಒಳಗೆ ಹಳೆಯ ಕಂಪ್ಯೂಟರಿನ ಹಲಗೆ, ಒಂದು ಫ್ಲಾಪಿ ಡ್ರೈವ್. ಪರದೆ ಇಲ್ಲ, ಕೀಲಿಮಣೆ ಇಲ್ಲ. ಹೊತ್ತಿಗೆ ಸರಿಯಾಗಿ ಅದು ಟೇಪ್‌ರೆಕಾರ್ಡರ್ ಚಾಲೂ ಮಾಡಬೇಕು, ಟೇಪಿನೊಳಗಿನ ಸನಾದಿ ಮೈಕಿನ ಕರ್ಣೆಯಲ್ಲಿ ಮೊಳಗಬೇಕು. ಇದಕ್ಕೆ ಬುದ್ಧಿ ಕೊಡಲು ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಬೇಕಿತ್ತು. ಲಿನಕ್ಸ್ ಸಿಗುವುದು ಸೋರ್ಸ್ ರೂಪದಲ್ಲಿ. ಸೋರ್ಸ್ ಅಂದರೆ ನೂಲು. ಅದನ್ನು ಕಂಪೈಲ್ ಎಂಬ ಮಗ್ಗಕ್ಕೆ ಹಾಕಿ ನೇಯ್ದ ಮೇಲೇ ಚಾದರ.

ಇಂಟರ್ನೆಟ್ ಎಂಬುದು ನಮ್ಮ ಓಣಿಗೆ ಬಂದಿರಲಿಲ್ಲ. ಪುಣೆಯ ಗೆಳೆಯನೊಬ್ಬ ಎಲ್ಲ ಸೋರ್ಸನ್ನೂ ಫ್ಲಾಪಿಗಳಲ್ಲಿ ತುಂಬಿಕೊಟ್ಟ. ದಾರಿಯಲ್ಲಿ ಧೂಳು ಕೂರಬಾರದು ಎಂದು ಅವನ್ನು ನನ್ನ ಹೆಂಡತಿ ಬುತ್ತಿ ಕಟ್ಟಿಕೊಟ್ಟಿದ್ದ ಸ್ಟೀಲ್ ಡಬ್ಬಿಯಲ್ಲಿಟ್ಟು ತಂದೆ. ಡಬ್ಬಿಯ ತಳದಲ್ಲಿ ಶೇಂಗಾ ಚಟ್ನಿ ಉಳಿದಿತ್ತೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಒಂದು ಫ್ಲಾಪಿಗೆ ಎಣ್ಣೆ ಕುಡಿಸಿದಂತಾಗಿತ್ತು. ಅದನ್ನು ಡ್ರೈವಿಗೆ ಹಾಕಿದಾಗಲೆಲ್ಲ ಕಂಪ್ಯೂಟರ್ ಬೆಚ್ಚಗಾಗಿ ಮನೆಯೆಲ್ಲ ಬಳ್ಳೊಳ್ಳಿಯ ವಾಸನೆ. ನಮ್ಮಪ್ಪ ಕೈ ತೊಳೆದುಕೊಂಡು ಬಂದು ಊಟಕ್ಕೆಂದು ಪಾಟಿನ ಮೇಲೆ ಕೂತುಬಿಡುತ್ತಿದ್ದರು.

ಅಂಟಿನ ಉಂಡಿ

ಕಂಪೈಲ್ ಶುರುವಾದದ್ದು ರವಿವಾರ ಬೆಳಿಗ್ಗೆ. ಕರ್ನಲ್ ಎಂಬುದು ಲಿನಕ್ಸಿನ ಜೀವ. ಅದು ನನ್ನ ಕಂಪ್ಯೂಟರಿನಲ್ಲಿ ತಯಾರಾಗಲು ಇಡೀ ಹಗಲು ಬೇಕು. ನಡುವೆ ವೋಲ್ಟೇಜ್ ಇಳಿದರೆ ಮೊದಲಿಂದ ಮಾಡಬೇಕು. ಅದಕ್ಕೇ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಮೆಲ್ಲಗೆ ಹೇಳುತ್ತಿದ್ದಳು: ಗದ್ದಲ ಮಾಡಬ್ಯಾಡ್ರಿ, ಮಿಕ್ಸರ್ ಹಚ್ಚಬ್ಯಾಡ್ರಿ, ಒಳಗ ನಡದದ, ಸಂಜಿಮುಂದ ಆಗತದ.

ಓಣಿಯ ಹೆಣ್ಣುಮಕ್ಕಳು ಇಷ್ಟು ಕೇಳಿ ತಮಗೆ ತಿಳಿದಷ್ಟು ತಿಳಿದುಕೊಂಡರು. ನನ್ನ ತಂಗಿ ಬಸುರಿಯಾಗಿ ತವರಿಗೆ ಬಂದಿದ್ದಾಳೆಂದು ಯಾರೋ ಸುದ್ದಿ ಹಬ್ಬಿಸಿದರು. ನನಗೆ ತಂಗಿಯೇ ಇಲ್ಲ. ಎದುರುಮನೆಯ ಅಜ್ಜಿ ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿಕೊಂಡೇ ಬಂದು ಪಡಸಾಲೆಯಲ್ಲಿ ಕೂತಳು. ಎಲ್ಲರ ಮುಖವೂ ಗಂಭೀರ. ನಾನು ಒಳಗೆ ಹೊರಗೆ ಅಡ್ಡಾಡುತ್ತಿದ್ದೆ. ಅದೂ ಅವರ ಲೆಕ್ಕಕ್ಕೆ ಸರಿಹೋಯಿತು.

ಸಂಜೆ ಹೊತ್ತಿಗೆ ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಒಂದು ಫೈಲ್ ಸಿಗಲಿಲ್ಲ, ಕೆಲಸ ನಿಂತಿತು. ಚಟ್ನಿ ಫ್ಲಾಪಿಯೊಳಗಿನ ಫೈಲೇ ಅದು. ನಾನು ಜೋಲುಮುಖ ಹಾಕಿಕೊಂಡು ಹೊರಗೆ ಬಂದು, ಆಗಲಿಲ್ಲ ಎಂದೆ. ಅಜ್ಜಿ ಎದ್ದು ಬಂದು ನನ್ನ ಬೆನ್ನು ಸವರಿದಳು.

"ಧೈರ್ಯ ಬಿಡಬ್ಯಾಡಪಾ. ಒಳಗಿನಾಕಿ ಹ್ಯಾಂಗದಾಳ?"

"ಬಾಳ ಕಾದಾಳ ಆಯಿ. ಒಂದು ತಾಸು ಫ್ಯಾನ್ ಹಚ್ಚಿ ಆರಿಸಿ, ಮತ್ತ ಶುರು ಮಾಡತೀನಿ."

ಅಜ್ಜಿ ಉಂಡಿಯ ಡಬ್ಬಿ ಅಲ್ಲೇ ಬಿಟ್ಟು ಹೋದಳು. ಅದಾದ ಮೇಲೆ ಎಷ್ಟೋ ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಗಂಟು ಕಟ್ಟಿದ್ದು

ಆ ಫ್ಲಾಪಿಯನ್ನು ಹಳೆಯ ಧೋತರದ ಚೂರಿನಿಂದ ಒರೆಸಿ ಒರೆಸಿ ಅಂತೂ ಓದಿಸಿದೆ. ಲಿನಕ್ಸ್ ಹುಟ್ಟಿತು. ಆದರೆ ಪೆಟ್ಟಿಗೆಗೆ ಇದ್ದದ್ದು ಒಂದೇ ಫ್ಲಾಪಿಯ ಜಾಗ. ಹುಟ್ಟಿದ್ದು ಅದಕ್ಕಿಂತ ತುಸು ದೊಡ್ಡದು. ಏನಾದರೂ ತೆಗೆಯಬೇಕು. ಗಂಟು ಕಟ್ಟುವುದರಲ್ಲಿ ನನ್ನ ಹೆಂಡತಿಯ ಸಮ ಯಾರೂ ಇಲ್ಲ. ನಾಲ್ಕು ದಿನದ ಊರಿಗೆ ಒಂದು ಚೀಲದಲ್ಲಿ ಹೋಗಿ ಬರುವವಳು. ಅವಳನ್ನು ಕರೆದು ಪಟ್ಟಿ ತೋರಿಸಿದೆ. ಒಂದು ಕಡೆ ಬರೀ ಊರುಗಳ ಹೆಸರಿನ ಫೈಲುಗಳು: ಲಂಡನ್, ಟೋಕಿಯೋ, ಕೈರೋ, ಕಲ್ಕತ್ತಾ.

"ಕಲ್ಕತ್ತಾದಾಗ ನಮ್ಮವರು ಯಾರದಾರ್ರೀ?" ಎಂದು ಕೇಳಿದಳು.

"ಯಾರೂ ಇಲ್ಲ."

"ಲಗ್ನಕ್ಕ ಅಲ್ಲಿಂದ ಯಾರರ ಬರಾವ್ರು ಅದಾರೇನು?"

"ಇಲ್ಲ."

"ತಗೀರಿ ಮತ್ತ."

ತೆಗೆದೆ. ಎಲ್ಲ ಸರಿಯಾಗಿ ಕೂತಿತು. ಲಂಡನ್ನಿನಿಂದ ಕಲ್ಕತ್ತಾದವರೆಗೆ ಒಂದೇ ಬೆರಳಿನಲ್ಲಿ ಅಳಿಸಿದ ಗಂಡಸು ಸೊಲ್ಲಾಪುರದಲ್ಲಿ ನನಗಿಂತ ಮುಂಚೆ ಹುಟ್ಟಿಲ್ಲ.

ಮುಹೂರ್ತ

ಲಗ್ನದ ದಿನ ಪೆಟ್ಟಿಗೆಗೆ ಹೂವಿನ ಹಾರ ಹಾಕಿ ಮಂಟಪದ ಪಕ್ಕದ ಮೇಜಿನ ಮೇಲಿಟ್ಟೆವು. ಬೆಳಿಗ್ಗೆ ಗುಂಡಿ ಒತ್ತಿ ಸನಾದಿ ಕೇಳಿಸಿದೆ. ಅಣ್ಣನ ಕಣ್ಣು ತುಂಬಿದವು.

ಹನ್ನೆರಡೂವರೆ ಆಯಿತು. ಪೆಟ್ಟಿಗೆ ಸುಮ್ಮನಿತ್ತು. ಆಗಲೇ ನನಗೆ ಕಲ್ಕತ್ತಾ ನೆನಪಾಯಿತು. ಲಿನಕ್ಸಿನ ಗಡಿಯಾರ ಒಳಗೊಳಗೆ ಇಂಗ್ಲೆಂಡಿನ ವೇಳೆಯಲ್ಲಿ ನಡೆಯುತ್ತದೆ. ಅದಕ್ಕೆ ನಮ್ಮ ದೇಶದ ಐದೂವರೆ ತಾಸು ಕೂಡಿಸಲು ಒಂದು ಸಣ್ಣ ಫೈಲ್ ಬೇಕು. ಇಡೀ ಹಿಂದುಸ್ತಾನಕ್ಕೆ ಆ ಫೈಲಿನ ಹೆಸರು ಒಂದೇ, ಕಲ್ಕತ್ತಾ. ಪೆಟ್ಟಿಗೆಯ ಲೆಕ್ಕದಲ್ಲಿ ಇನ್ನೂ ಬೆಳಗಿನ ಏಳು. ಅದು ಹೊಡೆಯುವುದು ಸಂಜೆ ಆರಕ್ಕೆ.

ಅಣ್ಣ ನನ್ನ ತೋಳು ಹಿಡಿದು, "ನಿನ್ನ ಪೆಟಗಿ ಸತ್ತದೇನೋ?" ಎಂದ.

ನಾನು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದೆ, "ಮದುಮಗ ಬರೂಕಿಂತ ಮೊದಲ ಮುಹೂರ್ತ ಹೊಡಿಯೂ ಯಂತ್ರ ನಾ ಮಾಡಿಲ್ಲಣ್ಣ."

ಖರೇ ಹೇಳಬೇಕೆಂದರೆ ಮದುಮಗ ಬಂದೇ ಇರಲಿಲ್ಲ. ಮರವಡೆಯ ವರ್ಹಾಡ ತರುವ ಟ್ರಕ್ಕಿನ ಸುಳಿವಿಲ್ಲ. ಕೈಯಿಂದ ಗುಂಡಿ ಒತ್ತಬಹುದಿತ್ತು, ಆದರೆ ಅಕ್ಕಿಕಾಳು ಯಾರ ಮೇಲೆ ಹಾಕುವುದು? ಎರಡಾಯಿತು, ನಾಲ್ಕಾಯಿತು. ಹಳದಿ ಸೀರೆಯ ಹುಡುಗಿ ಬೆಳಗಿನಿಂದ ನೀರೂ ಮುಟ್ಟದೆ ಕೂತಿದ್ದಳು. ಅಡಿಗೆಯವರು ಸಾರು ಮೂರು ಸಲ ಕಾಸಿದ್ದರು.

ಆರಕ್ಕೆ ಸ್ವಲ್ಪ ಮುಂಚೆ ಟ್ರಕ್ ಬಂತು. ಆಗಿದ್ದೇನು ಎಂದು ಮದುಮಗನ ಅಜ್ಜಿಯೇ ಹೇಳಿದಳು. ಮುಂಜಾನೆ ಹೊರಡುವಾಗ ರಾಹುಕಾಲ ಇದೆ ಎಂದು ಅಜ್ಜ ಟ್ರಕ್ಕಿನ ಮುಂದೆ ಅಡ್ಡ ಕೂತ. ರಾಹುಕಾಲ ಮುಗಿಯಿತು, ಬೆಕ್ಕು ಅಡ್ಡ ಬಂತು. ಬೆಕ್ಕಿನ ದೋಷ ಕಳೆಯಲು ಊರು ಸುತ್ತಿ ಬೇರೆ ದಾರಿ ಹಿಡಿಸಿದ. ಆ ದಾರಿಯಲ್ಲಿ ಟಾಯರ್ ಒಡೆಯಿತು.

ಅಜ್ಜ ಬಾಗಿಲಲ್ಲೇ ನಿಂತ. ಮುಖ ಕಲ್ಲಾಗಿತ್ತು. "ಮುಹೂರ್ತ ಹೋತು. ತಪ್ಪು ನಂದ ಇರಲಿ, ಮತ್ತೊಬ್ಬರದಿರಲಿ, ಆಡಿದ ಮಾತು ಆಡಿದ್ದ. ಗಾಡಿ ಹೊಳ್ಳಸರಿ."

ಒಳಗೆ ಬಳೆಗಳ ಸದ್ದಾಯಿತು, ಮತ್ತೆ ನಿಂತಿತು. ನಾನು ಗಡಿಯಾರ ನೋಡಿಕೊಂಡೆ, ಇನ್ನು ಸ್ವಲ್ಪವೇ ಹೊತ್ತು. ಹೋಗಿ ಅಜ್ಜನ ಮುಂದೆ ಕೈಮುಗಿದು ನಿಂತೆ.

"ಅಜ್ಜಾರ, ಮುಹೂರ್ತ ಹೋಗ್ಯದಂತ ಹೇಳಿದವರು ಯಾರು? ಈ ಯಂತ್ರ ಇನ್ನೂ ಹೊಡದಿಲ್ಲ. ಇಲ್ಲಿದ್ದವರನ್ನೆಲ್ಲ ಕೇಳ್ರಿ, ಮದುಮಗ ಬರದ ಹೊಡಿಯೂದಿಲ್ಲಂತ ಮಧ್ಯಾಹ್ನದಾಗ ಹೇಳೀನಿ. ಹುಡುಗನ್ನ ಹೊಸ್ತಿಲಾ ದಾಟಸರಿ, ನೋಡ್ರಿ."

ಎಲ್ಲರೂ ಹೌದೆಂದು ಗೋಣು ಹಾಕಿದರು. ಅಜ್ಜ ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ. ಕೊನೆಗೆ ಮೊಮ್ಮಗನ ಬೆನ್ನಿಗೆ ಕೈಹಚ್ಚಿ ಒಳಗೆ ತಳ್ಳಿದ. ಹುಡುಗ ಮಂಟಪದ ತನಕ ನಡೆದು ಬಂದ. ಪೆಟ್ಟಿಗೆ ಇನ್ನೂ ಹೊಡೆಯಲಿಲ್ಲ. ಅಜ್ಜ ರುಮಾಲಿಗೆ ಕೈ ಹಾಕಿ ಹೊರಳಬೇಕು ಅನ್ನುವಷ್ಟರಲ್ಲಿ ಸನಾದಿ ಮೊಳಗಿತು.

ಭಟ್ಟರು ಪಂಚಾಂಗ ಮಡಚಿ ಕಂಕುಳಲ್ಲಿಟ್ಟರು. "ದನ ಮನಿಗೆ ಬರೂ ಹೊತ್ತು, ಗೋರಜ ಮುಹೂರ್ತ. ಇದಕ್ಕ ಪಂಚಾಂಗ ನೋಡೂ ಕಾರಣ ಇಲ್ಲ," ಎಂದು ಮದುಮಕ್ಕಳ ನಡುವೆ ಅಂತರಪಾಟ ಹಿಡಿಸಿದರು. ಅಕ್ಕಿಕಾಳು ಬಿದ್ದವು.

ಅಜ್ಜ ಪೆಟ್ಟಿಗೆಗೆ ನಮಸ್ಕಾರ ಮಾಡಿದ. ಅಜ್ಜಿ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು, ಆ ದಿನ ಮೊದಲ ಸಲ ಗಂಡನ ಜೊತೆ ನೇರ ಮಾತಾಡಿದಳು: "ನಮ್ಮ ಲಗ್ನದ ದಿನಾನೂ ಬೆಕ್ಕು ಕಂಡು ಸುತ್ತಿ ಬಂದವರು ನೀವ. ಇಷ್ಟು ವರ್ಷ ಬೈಸಿಕೊಂಡಾಕಿ ನಾ."

ಆ ಹುಡುಗಿಯ ಸಂಸಾರ ಈಗಲೂ ಚೆನ್ನಾಗಿದೆ. ಯಂತ್ರದ ಕೀರ್ತಿ ಮಂಗಳವೇಢೆ ತನಕ ಹೋಯಿತು.

ಇಷ್ಟರಲ್ಲಿ ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿದ್ದು. ಕಲ್ಕತ್ತಾ ತೆಗೆಯಿರಿ ಎಂದು ನನ್ನ ಹೆಂಡತಿ ಹೇಳಿರಲಿಲ್ಲ. "ಇರಲಿ ಬಿಡ್ರಿ, ಏನಕ್ಕರ ಬೇಕಾದೀತು," ಎಂದೇ ಹೇಳಿದ್ದಳು. ಹೆಂಡತಿಯ ಮಾತು ಕೇಳದೆ ಒಂದು ಮನೆತನ ಉದ್ಧಾರವಾದದ್ದು ಸೊಲ್ಲಾಪುರ ಜಿಲ್ಲೆಯಲ್ಲಿ ಇದೊಂದೇ. ದಯವಿಟ್ಟು ಅವಳಿಗೆ ತಿಳಿಸಬೇಡಿ. ಚಟ್ನಿ ಅರೆಯುವವಳು ಅವಳೇ.