ಶಾಲೆಯ ರೇಡಿಯೋ ಮತ್ತು ಕೆಲವು ಅನುಮಾನಗಳು

ನಮ್ಮ ಕಡೆ ಯಾರಾದರೂ ಮೈಕಿನ ಮುಂದೆ ಬಾಯಿ ತೆರೆದರೆ ಕೇಳುವವರಿಗೆ ಮೊದಲು ಬರುವುದು ಅನುಮಾನ. ವಿಷಯ ಏನೆಂಬುದು ಆಮೇಲೆ. ಇದು ನಾನು ಓದಿ ತಿಳಿದದ್ದಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯ ಪಕ್ಕದ ಗುಡ್ಡದ ಮೇಲೆ ನಮ್ಮ ಪ್ರೌಢಶಾಲೆ. ಅಲ್ಲಿ ಮಕ್ಕಳದೊಂದು ರೇಡಿಯೋ ಇದೆ. ದೊಡ್ಡದೇನಲ್ಲ. ವಾರವಿಡೀ ಮಕ್ಕಳು ಮಾತುಕತೆಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಶನಿವಾರ ಬೆಳಿಗ್ಗೆ ಅದು ಶಾಲೆಯ ಮಾಡಿನ ಮೇಲಿನ ಮೈಕಿನಲ್ಲಿ ಬರುತ್ತದೆ. ಕೆಳಗಿನ ಎಸ್ಟೇಟಿನ ಕಾಫಿ ಕಣದವರೆಗೂ ಕೇಳುತ್ತದೆ. ಅಲ್ಲಿಯವರು ಕೇಳಬೇಕೆಂದು ಬಯಸಿದವರಲ್ಲ, ಆದರೂ ಕೇಳುತ್ತದೆ.

ಅದರ ಉಸ್ತುವಾರಿ ನನಗೆ ಬಂದದ್ದು ನನ್ನ ಹೆಂಡತಿ ತೀರಿಕೊಂಡ ಮಳೆಗಾಲದಲ್ಲಿ. "ನಿಮಗೂ ಒಂದು ಕೆಲಸ ಅಂತ ಇದ್ದರೆ ಒಳ್ಳೆಯದು ಸಾರ್" ಎಂದರು ಹೆಡ್ ಮೇಡಂ. ಕನ್ನಡ ಪಾಠ ಮಾಡುವುದು ಕೆಲಸವಲ್ಲವೇ ಎಂದು ನಾನು ಕೇಳಲಿಲ್ಲ. ಅವರ ಷರತ್ತು ಒಂದೇ: ಪ್ರತಿ ಕಾರ್ಯಕ್ರಮವನ್ನೂ ನಾನು ಮೊದಲು ಕೇಳಿ ಒಪ್ಪಬೇಕು. ಯಾರಿಗಾದರೂ ಅವಮಾನವಾಗುವ ಒಂದು ಮಾತು ಹೊರಗೆ ಹೋದರೂ ರೇಡಿಯೋ ಬಂದ್.

ಮಕ್ಕಳಲ್ಲಿ ಇಬ್ಬರು ಮುಖ್ಯರು. ಒಬ್ಬ ನಿರೂಪಕ, ಉಸಿರು ತೆಗೆದುಕೊಳ್ಳುವುದಕ್ಕೆ ಮಾತ್ರ ಮಾತು ನಿಲ್ಲಿಸುವವನು. ಇನ್ನೊಬ್ಬಳು ಕಂಪ್ಯೂಟರಿನಲ್ಲಿ ಬೇಡದ ಭಾಗ ತೆಗೆಯುವ ಹುಡುಗಿ, ಮಾತೇ ಕಡಿಮೆ. ಮಕ್ಕಳು ಅವಳನ್ನು ಕರೆಯುವುದು 'ಕತ್ತರಿ' ಎಂದು. ನಾನು ಬಾಗಿಲ ಹತ್ತಿರ ಬಂದ ಕೂಡಲೇ ಇಬ್ಬರೂ ಸುಮ್ಮನಾಗುತ್ತಿದ್ದರು. ಅದು ನನ್ನ ಗಮನಕ್ಕೆ ಬಂದಿತ್ತು.

೧. ಖಾಲಿ ಟ್ರೇ

ರೆಕಾರ್ಡಿಂಗ್ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಮಕ್ಕಳು ಕೊಟ್ಟಿಗೆಹಾರದ ಹೋಟೆಲುಗಳಿಂದ ಖಾಲಿ ಟ್ರೇ ಕೇಳಿ ತಂದರು. ತಲೆಯ ಮೇಲೆ ಹೊತ್ತು ರಸ್ತೆಯಲ್ಲೇ ತಂದರು. ಅದೇ ತಪ್ಪಾಯಿತು.

ಮರುದಿನ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಬಂದರು. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಕೊಡುತ್ತಾರೆ. ಅದರ ಮೇಲೆ ಊರಿಗೆಲ್ಲ ಒಂದು ಕಣ್ಣು. ಅವರು ಕೋಣೆಯ ನಾಲ್ಕು ಗೋಡೆಯನ್ನೂ ನೆಲದಿಂದ ಸೂರಿನವರೆಗೆ ನೋಡಿದರು.

"ಸಾರ್, ಇಷ್ಟೊಂದು ಟ್ರೇ ಖಾಲಿ ಆಗಿದೆ. ನನ್ನ ಮೊಮ್ಮಗಳು ಮೊನ್ನೆ ಅರ್ಧ ಮೊಟ್ಟೆ ತಿಂದೆ ಅಂದ್ಲು."

"ಇವು ಹೋಟೆಲಿನವು. ದನಿ ಹೀರಿಕೊಳ್ಳುವುದಕ್ಕೆ" ಎಂದೆ. ನಿರೂಪಕ ಬಾಗಿಲು ಹಾಕಿ ಜೋರಾಗಿ ಚಪ್ಪಾಳೆ ತಟ್ಟಿ ತೋರಿಸಿದ. ದನಿ ವಾಪಸ್ ಬರಲಿಲ್ಲ. ಅಧ್ಯಕ್ಷರೂ ತಟ್ಟಿದರು. ಒಮ್ಮೆ ಕೂಗಿಯೂ ನೋಡಿದರು. ಅವರ ಮುಖ ಇನ್ನೂ ಬಿಗಿಯಾಯಿತು.

"ಅಂದ್ರೆ ಇದರೊಳಗೆ ಯಾರು ಏನು ಹೇಳಿದ್ರೂ ಹೊರಗೆ ಕೇಳಲ್ಲ."

"ಹೌದು."

"ಹಂಗಾದ್ರೆ ಮೊಟ್ಟೆ ವಿಷಯ ಚರ್ಚೆ ಆಗೋದು ಇಲ್ಲೇ ಅನ್ನಿ."

೨. ನಾನು ಯಾರು

ಮೊದಲ ಕಾರ್ಯಕ್ರಮದ ಹೆಸರು 'ನಾನು ಯಾರು'. ಮನುಷ್ಯ ತನ್ನನ್ನು ತಾನು ಹೇಗೆ ಗುರುತಿಸಿಕೊಳ್ಳುತ್ತಾನೆ ಎಂಬ ಗಂಭೀರ ವಿಷಯ. ಅತಿಥಿಯಾಗಿ ಬಂದವರು ಕೆಳಗಿನ ಎಸ್ಟೇಟಿನ ರೈಟರು. ಆಳುಗಳ ಹಾಜರಿ, ಕೊಯ್ಲಿನ ತೂಕ ಎಲ್ಲ ಬರೆದಿಡುವವರು. ಆದ್ದರಿಂದ ಪ್ರಶ್ನೆ ಕೇಳುವುದು ತಮ್ಮ ಕೆಲಸ ಎಂದು ನಂಬಿದವರು.

"ನೀವು ಯಾರು?" ಎಂದು ನಿರೂಪಕ ಶುರು ಮಾಡಿದ.

"ಅಂದ್ರೆ? ದಿನಾ ನೋಡ್ತೀಯಲ್ಲ. ಯಾರು ಕೇಳು ಅಂದ್ರು ಇದನ್ನ?"

"ಯಾರೂ ಇಲ್ಲ. ನಿಮ್ಮನ್ನ ನೀವು ಯಾರು ಅಂದ್ಕೊಂಡಿದೀರಿ?"

ನಮ್ಮ ಕಡೆ ಈ ವಾಕ್ಯವನ್ನು ಹೇಳುವುದು ಜಗಳದಲ್ಲಿ ಮಾತ್ರ. ರೈಟರು ಕುರ್ಚಿಯಲ್ಲಿ ನೆಟ್ಟಗಾದರು. "ಅದಿರಲಿ. ನೀನು ಯಾರ ಮಗ?"

ಹುಡುಗ ಅಪ್ಪನ ಹೆಸರು ಹೇಳಿದ. ಆಲ್ದೂರಿನವರಾ ಎಂದರು. ಹೌದೆಂದ. ಅಮ್ಮನ ತವರು? ವಸ್ತಾರೆ. ವಸ್ತಾರೆಯಲ್ಲಿ ಯಾರ ಮನೆ? ಕೆರೆ ಪಕ್ಕದ ಮನೆ. ಹಳೇ ಕೆರೆಯೋ ಹೊಸದೋ? ಹುಡುಗ ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದ. ಕೊನೆಗೆ ರೈಟರು ಸಮಾಧಾನದಿಂದ ಉಸಿರು ಬಿಟ್ಟರು. "ಹಂಗಾದ್ರೆ ನಾನು ನಿನಗೆ ಮಾವ ಆಗ್ಬೇಕು. ನಮ್ಮನೆ ಗೃಹಪ್ರವೇಶಕ್ಕೆ ಯಾಕೆ ಬರ್ಲಿಲ್ಲ ನೀವು?"

ಉಳಿದ ಸಮಯವೆಲ್ಲ ಅದಕ್ಕೆ ಕಾರಣ ಹೇಳುವುದರಲ್ಲಿ ಹೋಯಿತು. ಆದರೂ ನಿರೂಪಕ ಸೋಲಲಿಲ್ಲ. "ಕೇಳುಗರೇ, ಇವತ್ತಿನ ಕಾರ್ಯಕ್ರಮದಲ್ಲಿ ನಾನು ಯಾರು ಅಂತ ಗೊತ್ತಾಯ್ತು. ಇವರು ಯಾರು ಅನ್ನೋದನ್ನ ಮುಂದಿನ ವಾರ ನೋಡೋಣ" ಎಂದು ಮುಗಿಸಿದ.

ನಾನು ಒಪ್ಪಿಗೆಗೆಂದು ಕೇಳಿದಾಗ ಈ ಮಾತಿನ ಬೆನ್ನಿಗೇ ಏನೋ ಕತ್ತರಿಸಿದಂತೆ ಅನಿಸಿತು. ಮಾತಿನ ಬಾಲ ಮೊಂಡಾಗಿತ್ತು. ಕಂಪ್ಯೂಟರಿನ ಹುಡುಗಿಯನ್ನು ಕೇಳಿದೆ. "ಕೆಮ್ಮು ಸಾರ್" ಎಂದಳು.

೩. ಹೀರೋನ ಜೀಪು

ಇನ್ನೊಂದು ವಾರ ಸಿನಿಮಾ ಹೀರೋಗಳ ಬಗ್ಗೆ ಚರ್ಚೆ. ಮಕ್ಕಳ ವಾದ ಸರಳವಾಗಿತ್ತು: ಹೀರೋ ಯಾವಾಗ ನೋಡಿದರೂ ಜೀಪಿನಲ್ಲಿ ತಿರುಗುತ್ತಾನೆ, ಕಪ್ಪು ಕನ್ನಡಕ ಹಾಕುತ್ತಾನೆ, ಹೋಟೆಲಿನಲ್ಲಿ ಕೂರುತ್ತಾನೆ; ಅವನಿಗೆ ಕೆಲಸ ಅಂತ ಒಂದು ಬೇಡವೇ? "ಒಂದು ದಿನ ಕಾಫಿ ಕೊಯ್ಲಿಗೆ ಬರಲಿ, ಇರುವೆ ಕಚ್ಚಿದಾಗ ಹೇಗೆ ನಡೀತಾನೆ ನೋಡೋಣ" ಎಂದಳು ಒಂಬತ್ತನೇ ತರಗತಿಯ ಹುಡುಗಿ. ನಾನು ಗಮನವಿಟ್ಟು ಕೇಳಿದೆ. ಯಾರ ಹೆಸರೂ ಇರಲಿಲ್ಲ, ಅವಮಾನವೂ ಇರಲಿಲ್ಲ. ಒಪ್ಪಿದೆ.

ಶನಿವಾರ ಕಾರ್ಯಕ್ರಮ ಮುಗಿಯುವ ಮೊದಲೇ ಕೆಳಗಿನ ಎಸ್ಟೇಟಿನ ಸಾಹುಕಾರರ ಫೋನು.

"ಮೇಷ್ಟ್ರೇ, ಜೀಪು ಅಂದ್ರಲ್ಲ, ಯಾರ ಜೀಪು?"

"ಹೀರೋನದ್ದು."

"ಬಣ್ಣ ಯಾವುದು?"

"ಬಣ್ಣ ಹೇಳಿಲ್ಲ ಅವರು."

"ಹೇಳ್ದೆ ಇದ್ರೂ ಗೊತ್ತಾಗುತ್ತೆ. ಕನ್ನಡಕ, ಹೋಟೆಲು, ಎಲ್ಲ ಸರಿಯಾಗೇ ಹೇಳಿದಾರೆ. ನನ್ನ ಮಗನ ವಿಷಯ ಮೈಕಲ್ಲಿ ಯಾಕೆ ಮೇಷ್ಟ್ರೇ? ಕಣದಲ್ಲಿ ಆಳುಗಳೆಲ್ಲ ನನ್ನ ಮುಖ ನೋಡ್ತಿದಾರೆ."

ಅದು ನಿಮ್ಮ ಮಗನ ವಿಷಯವಲ್ಲ, ಸಿನಿಮಾದ ವಿಷಯ, ಯಾವ ಸಿನಿಮಾದಲ್ಲಾದರೂ ಹೀರೋ ಹಾಗೇ ಇರುತ್ತಾನೆ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಅವರು ಹೂಂಗುಟ್ಟುತ್ತಾ ಕೇಳಿದರು. ಒಪ್ಪಿದರು ಎಂದುಕೊಂಡೆ.

"ಅದು ಸರಿ. ಸಿನಿಮಾದವರಿಗೆ ಅವನ ವಿಷಯ ಹೇಳಿದ್ದು ಯಾರು?"

೪. ನೆರೆಹೊರೆ

ಕೊಯ್ಲಿನ ಕಾಲದಲ್ಲಿ ಅಕಾಲದ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ಹಾಳು. ಒಂದು ಮಧ್ಯಾಹ್ನ ಮೋಡ ಕವಿದದ್ದು ಗುಡ್ಡದ ಮೇಲಿದ್ದ ನಮಗೆ ಮೊದಲು ಕಂಡಿತು. ಶಾಲೆಯ ಹಿಂದೆ ಸಣ್ಣ ತೋಟದ ಒಬ್ಬ ಅಜ್ಜಿ ಇದ್ದಾರೆ. ಅಂದು ಅವರ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಕ್ಕಳು ಓಡಿಹೋಗಿ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿ ಬಂದರು. ಹಿಂದೆಯೇ ಮಳೆ ಬಂತು. ಒಂದು ಕಾಳೂ ನೆನೆಯಲಿಲ್ಲ.

ಆ ವಾರದ ಕಾರ್ಯಕ್ರಮ 'ನೆರೆಹೊರೆಯವರ ನೆರವು'. ಅಜ್ಜಿಯೇ ಅತಿಥಿ.

"ಅಜ್ಜಿ, ಕಷ್ಟದಲ್ಲಿ ನಿಮಗೆ ಸಹಾಯ ಮಾಡಿದವರು ಯಾರು?" ನಿರೂಪಕ ಉತ್ತರವನ್ನು ಮೊದಲೇ ಮುಖದಲ್ಲಿ ಇಟ್ಟುಕೊಂಡು ಕೇಳಿದ.

"ಯಾರೂ ಇಲ್ಲಪ್ಪ."

"ಮೊನ್ನೆ ಮಳೆ ಬಂದಾಗ ನಾವೆಲ್ಲ ಬಂದಿದ್ವಲ್ಲ ಅಜ್ಜಿ?"

"ಬಂದಿದ್ರಿ. ಇಲ್ಲ ಅನ್ನಲ್ಲ." ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಆದ್ರೆ ಯಾಕೆ ಬಂದಿದ್ರಿ ಅಂತ ಇನ್ನೂ ಗೊತ್ತಾಗ್ಲಿಲ್ಲ ನೋಡು."

೫. ಸಾರ್‌ಗೆ ಬೇಡ

ಅಜ್ಜಿಯ ಮಾತಿನ ನಂತರವೂ ಬಾಲ ಮೊಂಡಾಗಿತ್ತು. ಹಿಂದಿನವನ್ನೆಲ್ಲ ಮತ್ತೆ ಕೇಳಿದೆ. ಎಲ್ಲದರಲ್ಲೂ, ಮಾತು ಚೆನ್ನಾಗಿ ಬಂದ ಕಡೆಯಲ್ಲೆಲ್ಲ, ಒಂದು ತುಂಡು ಇಲ್ಲ. ಇಷ್ಟು ಕೆಮ್ಮುವ ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು.

ನನಗೆ ಹೊಳೆದ ವಿವರಣೆ ಒಂದೇ. ಬಂದವರ ಬೆನ್ನ ಹಿಂದೆ ಇವರು ಏನೋ ಆಡಿಕೊಳ್ಳುತ್ತಿದ್ದಾರೆ. ಬಹುಶಃ ನನ್ನ ಬಗ್ಗೆಯೂ. ಅದು ನಿಜವಾದರೆ ಹೆಡ್ ಮೇಡಂಗೆ ಹೇಳಬೇಕು, ಹೇಳಿದರೆ ರೇಡಿಯೋ ನಿಲ್ಲುತ್ತದೆ. ಹೆಂಡತಿ ಹೋದ ಮೇಲೆ ನನ್ನನ್ನು ಕಂಡರೆ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಅದರಲ್ಲಿ ಕನಿಕರ ಯಾವುದು, ಗುಟ್ಟು ಯಾವುದು ಎಂದು ಬೇರೆ ಮಾಡುವುದು ನನಗೆ ಆಗುತ್ತಿರಲಿಲ್ಲ. ಅವಳಾಗಿದ್ದರೆ ಮೊದಲ ದಿನವೇ ಬಾಗಿಲು ತಳ್ಳಿ ಕೇಳಿಬಿಡುತ್ತಿದ್ದಳು. ನಾನು ಮಕ್ಕಳು ಊಟಕ್ಕೆ ಹೋಗುವುದನ್ನು ಕಾದೆ.

ಕಂಪ್ಯೂಟರಿನಲ್ಲಿ ಹುಡುಕುವ ಕಷ್ಟವೇ ಬರಲಿಲ್ಲ. ಒಂದು ಫೋಲ್ಡರಿನ ಹೆಸರೇ 'ಸಾರ್‌ಗೆ ಬೇಡ' ಎಂದಿತ್ತು. ಹೆಡ್‌ಫೋನ್ ಹಾಕಿಕೊಂಡು ಒತ್ತಿದೆ. ಸರಿಯಾಗಿ ಕೇಳಲಿಲ್ಲ. ದನಿ ಪೂರ್ತಿ ಹೆಚ್ಚಿಸಿದೆ.

ನಗು. ಬರೀ ನಗು. ನಿರೂಪಕನ ಗೊರಕೆಯಂಥ ನಗು, ಹುಡುಗಿಯರು ಒಟ್ಟಿಗೆ ಬಿದ್ದು ನಕ್ಕದ್ದು, ಒಬ್ಬ ನಗು ತಡೆಯಲಾರದೆ ಬೆಂಚಿಗೆ ಗುದ್ದಿದ್ದು, ನಡುವೆ ಆ ಅಜ್ಜಿಯ ಹಲ್ಲಿಲ್ಲದ ನಗು. ಒಂದು ಮುಗಿದರೆ ಇನ್ನೊಂದು. ಬೈಗುಳ ಎಲ್ಲಿ ಬರುತ್ತದೆ ಎಂದು ಕಣ್ಣು ಮುಚ್ಚಿ ಕೇಳುತ್ತಾ ಕುಳಿತೆ. ಬರಲೇ ಇಲ್ಲ.

ಭುಜದ ಮೇಲೆ ಕೈ ಬಿತ್ತು. ಹೆಡ್ ಮೇಡಂ ನಿಂತಿದ್ದರು; ಹಿಂದೆ ಅನ್ನದ ಕೈಯಲ್ಲೇ ನಿರೂಪಕ ಮತ್ತು ಆ ಹುಡುಗಿ. ಮೇಡಂ ನನ್ನ ಹೆಡ್‌ಫೋನ್ ತೆಗೆದು ಮೇಲಕ್ಕೆ ಬೆರಳು ತೋರಿಸಿದರು. ಬೆಳಿಗ್ಗೆ ಮೈಕ್ ಪರೀಕ್ಷೆ ಮಾಡಿದವರು ಅದನ್ನು ಆಫ್ ಮಾಡಿರಲಿಲ್ಲ. ಮಾಡಿನ ಮೇಲಿಂದ ಇಡೀ ಗುಡ್ಡಕ್ಕೆ ನಗು ಹೋಗುತ್ತಿತ್ತು. ನಾಲ್ಕು ಗೋಡೆಯ ಮೊಟ್ಟೆ ಟ್ರೇಗಳು ತಮ್ಮ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುತ್ತವೆಂದು ನನಗೆ ಅಂದೇ ತಿಳಿದದ್ದು.

"ಇದೇನು?" ಎಂದೆ, ಹುಡುಗಿಯನ್ನು ನೋಡಿ.

ಅವಳು ತಲೆ ತಗ್ಗಿಸಿದಳು. ನಿರೂಪಕನೇ ಹೇಳಿದ. "ನೀವು ರಜೆ ಮುಗಿಸಿ ಬಂದ ದಿನ ಪ್ರಾರ್ಥನೆಯಲ್ಲಿ ಮೇಡಂ ಹೇಳಿದ್ರು ಸಾರ್, ಸಾರ್ ಮುಂದೆ ನಗಬೇಡಿ ಅಂತ."

"ಆ ದಿನದ ಮಟ್ಟಿಗೆ ಹೇಳಿದ್ದು ಮಾರಾಯ" ಎಂದರು ಮೇಡಂ.

"ಸಾವಾದ ಮನೇಲಿ ವರ್ಷದ ತಿಥಿ ಆಗೋವರೆಗೂ ಹಬ್ಬ ಮಾಡಲ್ವಲ್ಲ ಮೇಡಂ. ನಗೋದೂ ಹಂಗೇ ಅಂದ್ಕೊಂಡ್ವಿ."

"ಸರಿ, ತೆಗೆದಿರಿ. ಕೂಡಿಟ್ಟದ್ದು ಯಾಕೆ?" ಎಂದೆ.

ಈಗ ಹುಡುಗಿ ಬಾಯಿ ಬಿಟ್ಟಳು. "ವರ್ಷ ಆದ್ಮೇಲೆ ಎಲ್ಲೆಲ್ಲಿಂದ ತೆಗೆದಿದ್ನೋ ಅಲ್ಲಲ್ಲೇ ವಾಪಸ್ ಅಂಟಿಸೋಣ ಅಂತ ಸಾರ್."

ಅಷ್ಟರಲ್ಲೇ ಫೋನು ಬಡಿದುಕೊಂಡಿತು. ಸಾಹುಕಾರರು. ಅವರ ದನಿ ಎಂದಿಗಿಂತ ಕೆಳಗಿತ್ತು.

"ಮೇಷ್ಟ್ರೇ, ಕೊಯ್ಲು ನಿಂತೋಗಿದೆ. ಆಳುಗಳೆಲ್ಲ ಗಿಡ ಬಿಟ್ಟು ಮೇಲೆ ನೋಡ್ತಿದಾರೆ. ಒಂದು ಮಾತು ನಿಜ ಹೇಳಿ. ನನ್ನ ಮಗ ಈಗೇನು ಮಾಡಿದ?"

ಉತ್ತರ ಕೊಡಲು ಬಾಯಿ ತೆರೆದೆ. ಹೊರಗೆ ಬಂದದ್ದು ಉತ್ತರವಲ್ಲ. ಮೊದಲು ಮೂಗಿನಿಂದ ಬಂತು, ಆಮೇಲೆ ಹೊಟ್ಟೆಯಿಂದ. ಫೋನನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡೆ, ನಿಲ್ಲಲಿಲ್ಲ. ಮೇಜಿನ ಮೇಲಿನ ಮೈಕೂ ಇನ್ನೂ ಆನ್ ಇತ್ತು, ಅದರಲ್ಲಿ ಬಿದ್ದದ್ದೆಲ್ಲ ಕಂಪ್ಯೂಟರಿನಲ್ಲಿ ರೆಕಾರ್ಡ್ ಆಗುತ್ತಿತ್ತು. ನನ್ನ ನಗು ಮಾಡಿನ ಮೇಲಿಂದ ಹಾರಿ, ಕಣವನ್ನು ದಾಟಿ, ರಸ್ತೆಯತ್ತ ಹೋಯಿತು. ಹೆಡ್ ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆಗೆ ತಿರುಗಿದರು. ಫೋನಿನೊಳಗಿಂದ ಸಾಹುಕಾರರು "ಹಂಗಾದ್ರೆ ಅವನ ವಿಷಯಾನೇ" ಎನ್ನುತ್ತಿದ್ದರು.

ಹುಡುಗಿ ನನ್ನನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು.

"ಸಾರ್, ಇದನ್ನೂ ತೆಗೀಬೇಕಾ?"