ತಿಮ್ಮರಾಯಪ್ಪನವರ ಕಷಾಯ

ರಾಮಪ್ರಸಾದರ ಸಂಕಟಕ್ಕೆಲ್ಲ ಕಾರಣ ಒಂದು ಲೋಟ ಶುಂಠಿ ಕಷಾಯ.

ಮುಂದಿನ ತಿಂಗಳು ಮಗಳು ಸುರಭಿಯ ಮದುವೆ. ಧಾರೆಗೆ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಲೇಬೇಕು. "ಕುರ್ಚಿ ಮೇಲೆ ಕೂತು ಕನ್ಯಾದಾನ ಮಾಡಿದೋರು ನಮ್ಮಲ್ಲಿ ಯಾರೂ ಇಲ್ಲ" ಎಂಬುದು ಹೆಂಡತಿ ಸರಸ್ವತಿಯ ತೀರ್ಪಾಗಿತ್ತು. ರಾಮಪ್ರಸಾದರ ಮಂಡಿಯೋ, ಬಗ್ಗಿಸಿದರೆ ಹಳೇ ಗೇಟಿನಂತೆ ಕಿರುಗುಟ್ಟುತ್ತಿತ್ತು.

"ಸವೆತ ಈಗಷ್ಟೇ ಶುರುವಾಗಿದೆ. ನಿಮ್ಮ ರಕ್ತದಿಂದಲೇ ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ತೆಗೆದು ಮಂಡಿಗೆ ಚುಚ್ಚೋಣ. ಆದರೆ ಅದಕ್ಕೆ ಮುಂಚೆ ಒಂದು ವಾರ ನೋವಿನ ಮಾತ್ರೆ ಮುಟ್ಟಬಾರದು" ಎಂದಿದ್ದರು ಜಯನಗರದ ಡಾಕ್ಟರು.

ಮಾತ್ರೆ ಬಿಟ್ಟ ಮೊದಲ ದಿನದ ನರಳಾಟ ಕೆಳಗಿನ ಮನೆಗೂ ಕೇಳಿಸಿತು. ಅಲ್ಲಿದ್ದವರು ಮನೆ ಓನರ್ ತಿಮ್ಮರಾಯಪ್ಪ. ಬಾಡಿಗೆದಾರರ ನೋವನ್ನೂ ತಮ್ಮದೇ ಆಸ್ತಿ ಎಂದುಕೊಂಡ ಪುಣ್ಯಾತ್ಮರು. ಮರುದಿನದಿಂದ ಬೆಳಿಗ್ಗೆ ಸಂಜೆ ಅವರೇ ಕುಂಟುತ್ತಾ ಮೆಟ್ಟಿಲು ಹತ್ತಿ ಕಷಾಯ ತಂದುಕೊಟ್ಟರು. ನೋವು ಮಾಯವಾಯಿತು. ಶುಂಠಿಯೇ ಇಷ್ಟು ಮಾಡಿದರೆ ಇಂಜೆಕ್ಷನ್ ಇನ್ನೆಷ್ಟು ಮಾಡೀತು ಎಂದು ರಾಮಪ್ರಸಾದ ಹಿಗ್ಗಿದರು.

ಇಂಜೆಕ್ಷನ್ನಿನ ದಿನ ತಿಮ್ಮರಾಯಪ್ಪನೂ ಜೊತೆಗೆ ಹೊರಟರು.

"ನಿಮ್ ರಕ್ತ ತಗ್ದು ನಿಮ್ಗೇ ಚುಚ್ಚಿ ದುಡ್ಡು ಇಸ್ಕೊತಾರಾ ಸಾರ್? ನಮ್ ಹೊಲದ್ ರಾಗೀನ ನಮ್ಗೇ ಮಾರ್ದಂಗಾಯ್ತು!"

ಬನಶಂಕರಿ ಮೆಟ್ರೋ ಮೆಟ್ಟಿಲನ್ನು ರಾಮಪ್ರಸಾದ ಕರುವಿನಂತೆ ನೆಗೆದು ಹತ್ತಿದರು. ತಿಮ್ಮರಾಯಪ್ಪ ಕಂಬಿ ಹಿಡಿದು, "ನಿಧಾನ ಸಾರ್, ಪೇಶೆಂಟ್ ನೀವು!" ಎಂದು ಕೂಗಿದರು.

ಡಾಕ್ಟರು ಮಂಡಿ ಮಡಚಿದರು, ತಿರುಚಿದರು. ರಾಮಪ್ರಸಾದ ಮದುಮಗನಂತೆ ನಗುತ್ತಿದ್ದರು.

"ನಿಜ ಹೇಳಿ, ಮಾತ್ರೆ ತಗೊಂಡ್ರಾ?"

"ದೇವರಾಣೆ ಮುಟ್ಟಿಲ್ಲ!"

"ಅವರು ಮುಟ್ಟಿಲ್ಲ ಡಾಕ್ಟ್ರೇ" ಎಂದು ತಿಮ್ಮರಾಯಪ್ಪ ಎದೆಯುಬ್ಬಿಸಿದರು. "ನನ್ ಮಂಡಿಗೆ ಅಂತ ಕೊಟ್ಟಿದ್ ಮಾತ್ರೇನ ನಾನೇ ಅರ್ದು ಕಷಾಯಕ್ ಹಾಕ್ತಿದ್ದೆ. ಪಾಪ, ನರಳೋದ್ ಕೇಳಕ್ಕಾಗ್ಲಿಲ್ಲ."

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಹಾಗಾದ್ರೆ ಇವತ್ತು ಆಗಲ್ಲ. ಮತ್ತೆ ಒಂದು ವಾರ ಮಾತ್ರೆ ಬಿಡಬೇಕು, ಮುಂದಿನ ವಾರ ನಾನು ಊರಲ್ಲಿರಲ್ಲ. ಎರಡು ವಾರ ಆದಮೇಲೆ ಬನ್ನಿ."

"ಆಮೇಲೆ ಗುಣ ಆಗೋಕೆ?"

"ಕೆಲವು ವಾರಗಳು ಬೇಕು."

ಮದುವೆಯ ಮುಹೂರ್ತ ರಾಮಪ್ರಸಾದರ ಕಣ್ಣೆದುರೇ ದಾಟಿಹೋಯಿತು.

ಡಾಕ್ಟರು ತಿಮ್ಮರಾಯಪ್ಪನತ್ತ ತಿರುಗಿದರು. "ನಿಮಗೂ ಮಂಡಿ ನೋವಾ? ನಿಮ್ಮ ಮಾತ್ರೆ ಅವರಿಗೆ ಹಾಕಿದ್ರೆ ನೀವೇನು ತಗೊಳ್ತಿದ್ರಿ?"

"ಏನೂ ಇಲ್ಲ. ಹಲ್ ಕಚ್ಕೊಂಡು ಸಹಿಸ್ದೆ."

ಅವರ ಮೊಬೈಲಿನಲ್ಲಿದ್ದ ಎಕ್ಸ್‌ರೇ ನೋಡಿ ಡಾಕ್ಟರ ಮುಖ ಅರಳಿತು. "ನಿಮ್ಮದೂ ಶುರುವಿನ ಸವೆತವೇ. ವಾರದಿಂದ ಮಾತ್ರೇನೂ ಇಲ್ಲ. ಹೇಗೂ ಟೈಮ್ ಖಾಲಿ ಇದೆ, ಮಲಗಿ!"

ಸಂಜೆ ಆಟೋದಲ್ಲಿ ತಿಮ್ಮರಾಯಪ್ಪ ಕಾಲು ನೀಡಿ ಕೂತಿದ್ದರು. ಕಷಾಯದ ಪ್ರಭಾವ ಇಳಿದಿದ್ದ ರಾಮಪ್ರಸಾದ ಮೂಲೆಯಲ್ಲಿ ಮುದುಡಿ ಹಲ್ಲು ಕಚ್ಚುತ್ತಿದ್ದರು.

ತಿಮ್ಮರಾಯಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವರು ರಾಮಪ್ರಸಾದರ ಕೈ ಹಿಡಿದುಕೊಂಡರು.

"ಯೋಚ್ನೆ ಮಾಡ್ಬೇಡಿ ಸಾರ್. ಸುರಭಿ ನನ್ ಮಗಳಿದ್ದಂಗೆ. ಅಷ್ಟೊತ್ಗೆ ನನ್ ಮಂಡಿ ರೆಡಿ. ನೀವು ಕುರ್ಚಿ ಮೇಲೆ ಆರಾಮಾಗಿ ಕೂತ್ಕೊಳ್ಳಿ, ಮಣೆ ಮೇಲೆ ಕೂತು ಧಾರೆ ನಾನೇ ಎರೀತೀನಿ!"